ಸದ್ದಿಲ್ಲದ ಪೆಟ್ಟಿಗೆ

ಏಪ್ರಿಲ್ ೬

ಪ್ರೀತಿಯ ಎಣ್ಣೆಬುಡ್ಡಿ,

ನಿನ್ನ ಹಡಗು ಈಗ ಯಾವ ನೀರಿನ ಮೇಲಿದೆಯೋ ಗೊತ್ತಿಲ್ಲ. ಮುಂದಿನ ಬಂದರಿನಲ್ಲಿ ಕಾಗದ ನಿನ್ನ ಕೈಸೇರುತ್ತದೆ ಎಂದು ಕಂಪನಿಯ ಏಜೆಂಟರು ಹೇಳಿದ್ದಾರೆ. ಹಡಗಿನ ಫೋನಿನಲ್ಲಿ ನಿನಗೆ ಸಿಗುವ ಚೂರುಪಾರು ಹೊತ್ತಿನಲ್ಲಿ ಈ ಸುದ್ದಿ ಹಿಡಿಸುವುದಿಲ್ಲ. ಅಲ್ಲದೆ ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ ಪಕ್ಕದಲ್ಲೇ ಕಿವಿ ಚಾಚಿಕೊಂಡು ಕೂತಿರುತ್ತಾಳೆ.

ಅಮ್ಮನ ಗಂಟಲು ಕಟ್ಟಿದ್ದು ನೆಗಡಿಯಿಂದಲ್ಲ. ದನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ಕ್ಯಾನ್ಸರ್. ಬರೆದುಬಿಟ್ಟೆ ನೋಡು. "ಮೊದ್ಲು ರೇಡಿಯೇಷನ್ ಕೊಟ್ಟು ನೋಡೋಣ. ಅದಕ್ಕೆ ಬಗ್ಗಲಿಲ್ಲ ಅಂದ್ರೆ ದನಿಪೆಟ್ಟಿಗೇನೇ ತೆಗೀಬೇಕಾಗುತ್ತೆ. ಜೀವಕ್ಕೆ ಹೆದರಬೇಡಿ, ಮಾತು ಮಾತ್ರ ಹೋಗುತ್ತೆ" ಎಂದರು ಡಾಕ್ಟರು. ಮಾತು ಮಾತ್ರವಂತೆ! ಅಮ್ಮ ಉಳಿದಿರುವ ಅರ್ಧ ದನಿಯಲ್ಲೇ, "ಹಾಗಾದ್ರೆ ಗಿರಾಕಿಗಳ ಹತ್ರ ಜಗಳ ಆಡೋರು ಯಾರು?" ಎಂದು ಕೇಳಿದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಈಗ ನಿನ್ನಿಂದ ಆಗಬೇಕಾದ ಕೆಲಸ ಹೇಳುತ್ತೇನೆ. ಅಮ್ಮನ ಹಾಡು ನಮ್ಮ ಹತ್ತಿರ ಒಂದೂ ಇಲ್ಲ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾನು ಮಕ್ಕಳ ಕಥೆಗಳಿಗೆ ಸಂಗೀತ ಕಟ್ಟುತ್ತೇನೆ, ಕಪ್ಪೆ ನೆಗೆಯುವುದಕ್ಕೊಂದು ರಾಗ, ಮೋಡ ಕವಿಯುವುದಕ್ಕೊಂದು ರಾಗ. ಮುಂದಿನ ಕೋಣೆಯ ಅಂಗಡಿಯಲ್ಲಿ ಅಮ್ಮ ಹೊಲಿಯುತ್ತ ಹಾಡುತ್ತಲೇ ಇದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ಮೊನ್ನೆ ಒಳ್ಳೆಯ ಮೈಕ್ ತಂದು ಅಮ್ಮನನ್ನು ಕೂರಿಸಿ, ಬಾಯಿಗೆ ಬಂದದ್ದು ಮಾತಾಡು ಎಂದೆ. ಆಮೇಲೆ ಕೇಳಿದರೆ ಕಂಪ್ಯೂಟರಿನ ಭರ್‍ ಎನ್ನುವ ಸದ್ದೇ ಮೇಲೆ, ಅಮ್ಮ ಎಲ್ಲೋ ಅದರ ತಳದಲ್ಲಿ. ಇಷ್ಟು ದಿನ ನನಗಿದು ಗೊತ್ತೇ ಆಗಿರಲಿಲ್ಲ, ಕೀಬೋರ್ಡಿನ ಸ್ವರಗಳೆಲ್ಲ ತಂತಿಯಲ್ಲಿ ಸೀದಾ ಒಳಗೆ ಹೋಗುತ್ತಿದ್ದವು. ಭರ್‍ ಅನ್ನು ಅಳಿಸುವ ತಂತ್ರಾಂಶ ಹಾಕಿದರೆ ಅದರ ಜೊತೆ ಅಮ್ಮನೂ ಅಳಿಸಿಹೋಗುತ್ತಾಳೆ. ಫೋನಿನಲ್ಲಿ ಹಿಡಿಯೋಣವೆಂದರೆ ಆ ಮಹಾರಾಯ ಅಮ್ಮನ ದನಿಯನ್ನೇ ಗದ್ದಲ ಎಂದು ತಿಳಿದು ಹೊರಗೆ ದಬ್ಬುತ್ತಾನೆ. ಕಂಪ್ಯೂಟರನ್ನು ಮುಂದಿನ ಕೋಣೆಗೆ ಸಾಗಿಸಿಯೂ ನೋಡಿದೆ. ನಡುವೆ ಇರುವುದು ಹಲಗೆಯ ಗೋಡೆ, ಅದು ಸದ್ದನ್ನು ತಡೆಯುವ ಬದಲು ತಾನೂ ದನಿಗೂಡಿಸುತ್ತದೆ.

ನೀನು ಮನೆಯಷ್ಟು ದೊಡ್ಡ ಎಂಜಿನ್ ನೋಡಿಕೊಳ್ಳುವವನು. ಅಂಗೈಯಗಲದ ಫ್ಯಾನಿನ ಬಾಯಿ ಮುಚ್ಚಿಸುವುದು ಹೇಗೆ, ಬೇಗ ಬರೆ. ನಿನ್ನ ಉತ್ತರ ಬರುವಷ್ಟರಲ್ಲಿ ರೇಡಿಯೇಷನ್ ಶುರುವಾಗಿರುತ್ತದೆ, ಅದು ಮುಗಿದ ಮೇಲೆ ಅಮ್ಮನ ಗಂಟಲಲ್ಲಿ ಏನು ಉಳಿದಿರುತ್ತದೋ ಅಷ್ಟೇ ನಮಗೆ ಸಿಗುವುದು.

ನಿನ್ನ
ಅಕ್ಕ

ಏಪ್ರಿಲ್ ೩೦

ಅಕ್ಕಾ,

ಕಾಗದ ಓದಿ ಎಂಜಿನ್ ಕೋಣೆಗೆ ಇಳಿದುಬಿಟ್ಟೆ. ಅಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಮುಖದ ಮೇಲಿನದೆಲ್ಲ ಬೆವರು ಎಂದೇ ಲೆಕ್ಕ. ನಾವು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಕೈಸನ್ನೆಯಲ್ಲೇ ಮಾತಾಡುವವರು. ಚೀಫ್ ಎಂಜಿನಿಯರ್ ನನ್ನ ಮುಖ ನೋಡಿ ಹೆಬ್ಬೆರಳೆತ್ತಿ "ಸರಿ ಇದ್ದೀಯಾ?" ಎಂಬಂತೆ ಕೇಳಿದರು. ನಾನೂ ಹೆಬ್ಬೆರಳೆತ್ತಿದೆ. ಸುಳ್ಳು ಹೇಳುವುದು ಕೈಯಲ್ಲಿ ಎಷ್ಟು ಸುಲಭ ನೋಡು.

ಇನ್ನು ಕೆಲಸದ ಮಾತು. ಒಂದು ಗದ್ದಲವನ್ನು ಮುಚ್ಚಿಟ್ಟರೆ ಅದು ಹೋಗುವುದಿಲ್ಲ, ಹುಟ್ಟದಂತೆ ನೋಡಿಕೊಳ್ಳಬೇಕು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಒಳಗೆ ಏನೇನು ತಿರುಗುತ್ತದೆ ನೋಡು. ತಿರುಗುವುದೇ ಕೂಗುವುದು. ಸಣ್ಣ ಫ್ಯಾನು ಅಷ್ಟೇ ಗಾಳಿ ತಳ್ಳಲು ಹುಚ್ಚು ಹಿಡಿದಂತೆ ಓಡಬೇಕು, ಅದಕ್ಕೇ ಅರಚುತ್ತದೆ. ಅದೇ ಕೆಲಸವನ್ನು ದೊಡ್ಡ ಫ್ಯಾನು ಆರಾಮವಾಗಿ ಮಾಡುತ್ತದೆ. ಪ್ರೊಸೆಸರಿನ ಮೇಲಿರುವ ಗಿಡ್ಡ ಫ್ಯಾನು ತೆಗೆಸಿ, ತೆಳು ತೆಳು ಲೋಹದ ರೆಕ್ಕೆಗಳ ದೊಡ್ಡ ಗೋಪುರ ಬರುತ್ತದಲ್ಲ, ಅದನ್ನು ಕೂರಿಸು. ಆಟದ ಚಿತ್ರಗಳಿಗೆಂದು ಹಾಕಿರುವ ಕಾರ್ಡು ನಿನಗೆ ಬೇಕಿಲ್ಲ, ಕಿತ್ತುಹಾಕು. ಕರೆಂಟಿನ ಡಬ್ಬಿಯನ್ನು ಮಾತ್ರ ನೀನು ಬಿಚ್ಚಬೇಡ, ಹೊಡೆದು ಹಾಕೀತು. ಬಿಸಿಯಾದಾಗ ಮಾತ್ರ ಫ್ಯಾನು ತಿರುಗುವ ಡಬ್ಬಿ ಸಿಗುತ್ತದೆ, ಅದನ್ನೇ ತಾ. ಹಳೆಯ ಹಾಡುಗಳಿರುವ ಡಿಸ್ಕು ತಿರುಗುವಂಥದ್ದು, ನಡುಗುತ್ತದೆ, ಆ ನಡುಕ ಇಡೀ ತಗಡಿಗೆ ಹತ್ತುತ್ತದೆ. ಅದನ್ನು ಸ್ಕ್ರೂ ಹಾಕಿ ಬಿಗಿಯದೆ ತೂಗುಹಾಕಬೇಕು. ಯಾವುದರಿಂದ ಎಂದು ನಿನಗೆ ನಾನು ಹೇಳಬೇಕೇ? ಎಲಾಸ್ಟಿಕ್ ಇರುವ ಮನೆಯಲ್ಲೇ ಹುಟ್ಟಿದವಳು ನೀನು.

ಗಾಳಿಗೆ ಮಾತ್ರ ದಾರಿ ಬಿಡು. ಯಂತ್ರವೂ ಉಸಿರಾಡಬೇಕು.

ಅಮ್ಮ ಊಟ ಮಾಡುತ್ತಿದ್ದಾಳೆಯೇ?

ನಿನ್ನ ತಮ್ಮ

ಮೇ ೨೫

ಎಣ್ಣೆಬುಡ್ಡಿ ಮಹಾಶಯರೇ,

ತಗಡು ಬಿಚ್ಚಿದೆ. ಒಳಗೆ ನಮ್ಮ ಅಂಗಡಿಯ ಇತಿಹಾಸವೇ ಇತ್ತು! ವರ್ಷಗಟ್ಟಲೆ ಹೊಲಿದ ಬಟ್ಟೆಗಳ ನಾರು, ದಾರದ ತುಣುಕು ಎಲ್ಲ ಫ್ಯಾನಿನ ರೆಕ್ಕೆಗೆ ಮೆತ್ತಿ ಕಂಬಳಿಯಾಗಿತ್ತು. ಶಾಲೆಯ ಸಮವಸ್ತ್ರದ ನೀಲಿ ಒಂದು ಪದರ, ಆಸ್ಪತ್ರೆಯ ಪರದೆಯ ಹಸಿರು ಅದರ ಮೇಲೊಂದು ಪದರ. ಅಮ್ಮ ಬಗ್ಗಿ ನೋಡಿ, "ಈ ಕೆಂಪು ಎಲ್ಲಿಂದ ಬಂತು ಗೊತ್ತಾ? ನಿನ್ನ ತಮ್ಮ ಮೊದಲ್ನೇ ಸಲ ಹಡಗಿಗೆ ಹೊರಟಾಗ ಹೊಲಿದ ಚೀಲದ್ದು" ಎಂದಳು. ಕೆಂಪನ್ನು ಬಿಟ್ಟು ಉಳಿದದ್ದನ್ನು ಮೊದಲು ಬ್ರಷ್ಷಿನಿಂದ ತೆಗೆದೆ. ಆಮೇಲೆ ಎಲ್ಲವನ್ನೂ ಗುಡಿಸಿದೆ.

ಕಂಪ್ಯೂಟರ್ ಅಂಗಡಿಯವನಿಗೆ ನಾನು ಅರ್ಥವೇ ಆಗಲಿಲ್ಲ. ಒಂದೊಂದು ಪೆಟ್ಟಿಗೆಯನ್ನೂ ಹಚ್ಚಿ ತೋರಿಸಿದ, ಕೆಂಪು, ಹಸಿರು, ನೇರಳೆ ದೀಪಗಳು ಓಡಾಡುತ್ತಿದ್ದವು. "ಇದು ಬೇಡಪ್ಪ, ಸದ್ದು ಬರದೇ ಇರೋದು ಕೊಡು" ಎಂದೆ. "ಸದ್ದು ಬರದೇ ಇದ್ರೆ ಓಡ್ತಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?" ಎಂದು ಅವನು ಕೇಳಿದ. ಪ್ರಶ್ನೆಯೇನೋ ಚೆನ್ನಾಗಿದೆ. ಕೊನೆಗೆ ಹಿಂದಿನ ಗೋದಾಮಿನಿಂದ ಲೋಹದ ಗೋಪುರ ತಂದುಕೊಟ್ಟ. ಪ್ರೊಸೆಸರು ಅಂಚೆಚೀಟಿಯಷ್ಟು, ಅದರ ಮೇಲಿನದು ನನ್ನ ಮುಷ್ಟಿಯ ಎರಡರಷ್ಟು. ಮೂಗಿಗಿಂತ ಮೂಗುತಿ ಭಾರ. ಡಿಸ್ಕನ್ನು ಪೈಜಾಮದ ಅಗಲ ಎಲಾಸ್ಟಿಕ್ಕಿನಲ್ಲಿ ನಾಲ್ಕು ಕಡೆ ಎಳೆದು ತೂಗುಬಿಟ್ಟಿದ್ದೇನೆ, ತೊಟ್ಟಿಲಲ್ಲಿ ಮಲಗಿದಂತೆ ಮಲಗಿದೆ.

ಸದ್ದು ಮುಕ್ಕಾಲು ಪಾಲು ಇಳಿಯಿತು. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಹೊಲಿಗೆಯವಳ ಕೈಗೆ ಏನು ಕೊಟ್ಟರೂ ಅದಕ್ಕೆ ಬಟ್ಟೆ ತೊಡಿಸುತ್ತಾಳೆ. ಹತ್ತಿ ತುಂಬಿದ ರಜಾಯಿಯೊಂದನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ, ಒಳಗೆ ಆರೂ ಕಡೆಗೆ ಮೆತ್ತೆ ಹೊಲಿದೆ. ತಂತಿ ಬರಲು, ಅಂಗಿಯ ಗುಂಡಿಗೆ ಮಾಡುವಂತೆ, ಚಂದದ ಕಾಜಾ ಕೂಡ ಹಾಕಿದೆ. ಅಮ್ಮ ನೋಡಿ, "ಇದಕ್ಕೇನು ಚಳಿ ಜ್ವರಾನಾ?" ಎಂದಳು. ಹಚ್ಚಿದೆ. ಸದ್ದೇ ಇಲ್ಲ! ಕುಣಿಯುವುದೊಂದು ಬಾಕಿ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯ ವಾಸನೆ ಬಂತು, ಕಂಪ್ಯೂಟರಿನ ಪರದೆ ಕಪ್ಪಾಯಿತು, ಮುಟ್ಟಿದರೆ ಕೈ ಸುಟ್ಟಿತು. ಗಾಳಿಗೆ ದಾರಿ ಬಿಡು ಎಂದು ನೀನು ಬರೆದಿದ್ದೆ, ಹೌದು. ಮಾಡಿದ್ದುಣ್ಣೋ ಮಹರಾಯ ಅನ್ನಬೇಡ. ಸತ್ತಿದೆಯೋ ಬದುಕಿದೆಯೋ ಗೊತ್ತಿಲ್ಲ, ಹಚ್ಚಲು ಧೈರ್ಯವಿಲ್ಲ.

ಅಮ್ಮ ಚೆನ್ನಾಗಿದ್ದಾಳೆ.

ನಿನ್ನ
ಅಕ್ಕ

ಜೂನ್ ೧೮

ಅಕ್ಕಾ,

ರಜಾಯಿ ಹೊದ್ದ ಕಂಪ್ಯೂಟರಿನ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅಡುಗೆಯವರು ಊಟ ಬಡಿಸುವುದನ್ನೂ ಬಿಟ್ಟು ನಕ್ಕರು. ಹೆದರಬೇಡ, ಅದು ಸತ್ತಿಲ್ಲ. ಸಾಯುವ ಮೊದಲು ತಾನಾಗಿ ಆರಿಕೊಳ್ಳುವಷ್ಟು ಬುದ್ಧಿ ಅದಕ್ಕಿದೆ. ಮೆತ್ತೆಯನ್ನೆಲ್ಲ ಕಿತ್ತು ತೆಗೆ. ಬಿಸಿಗಾಳಿ ಮೇಲೆ ಹೋಗಲು ಯಾರೂ ಕಲಿಸಬೇಕಿಲ್ಲ. ಕೆಳಗೆ ತಣ್ಣನೆಯದಕ್ಕೊಂದು ಬಾಗಿಲು, ಮೇಲೆ ಬಿಸಿಯದಕ್ಕೊಂದು ಕಿಟಕಿ ಇದ್ದರೆ ಸಾಕು, ಅರ್ಧ ಕೆಲಸ ತಾನಾಗಿ ಆಗುತ್ತದೆ. ನಮ್ಮ ಹಡಗಿನ ಹೊಗೆಕೊಳವೆಯೂ ಅದೇ ಲೆಕ್ಕ. ಮೇಲಿನ ತಗಡಿನಲ್ಲಿ ಜಾಳಿಗೆ ಕೊರೆಸು, ದೊಡ್ಡ ಫ್ಯಾನನ್ನು ಸೆಟ್ಟಿಂಗಿನಲ್ಲಿ ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಮಾಡು. ಬಟ್ಟೆ ಹಾಕಲೇಬೇಕು ಎಂದು ಕೈ ಕಡಿಯುತ್ತಿದ್ದರೆ ಪೆಟ್ಟಿಗೆಯ ಪಾದದಡಿ ನಾಲ್ಕು ಚೂರು ಕಂಬಳಿ ಇಡು, ನೆಲಕ್ಕೆ ನಡುಕ ಇಳಿಯುವುದಿಲ್ಲ.

ಅಕ್ಕಾ, ರಜಾಯಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೀಯ. ಅಮ್ಮ ಹೇಗಿದ್ದಾಳೆ ಎಂಬುದಕ್ಕೆ ಒಂದೇ ಸಾಲು. ಆ ಒಂದು ಸಾಲನ್ನೇ ನಾನು ಮತ್ತೆ ಮತ್ತೆ ಓದಿದ್ದು.

ತಮ್ಮ

ಜುಲೈ ೨೨

ಪುಟ್ಟಾ,

ಇರುವುದನ್ನು ಇದ್ದಂತೆ ಬರೆಯುತ್ತೇನೆ. ರೇಡಿಯೇಷನ್ ಮುಗಿಯಿತು. ಅಮ್ಮನ ಕತ್ತಿನ ಚರ್ಮ ಸುಟ್ಟು ಕಪ್ಪಾಗಿದೆ, ನೀರು ನುಂಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಗಡ್ಡೆ ಬಗ್ಗಲಿಲ್ಲ. ಮುಂದಿನ ತಿಂಗಳ ಕೊನೆಯ ವಾರ ಆಪರೇಷನ್. ದನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ, ಉಸಿರಿಗೆ ಕತ್ತಿನಲ್ಲೇ ಒಂದು ತೂತು ಮಾಡುತ್ತಾರೆ. ಹಾಡಬಹುದೇ, ಗಂಟಲಿಗೆ ತೊಂದರೆಯಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. ಅವರು ಕಡತ ಮುಚ್ಚಿಟ್ಟು, "ಇನ್ನೇನು ತೆಗೆಯೋದೇ ಅಲ್ವಾ, ಹಾಡ್ಲಿ ಬಿಡಿ" ಎಂದರು. ಮೆಲ್ಲಗೇ ಹೇಳಿದರು.

ಕಂಪ್ಯೂಟರ್ ಸಿದ್ಧವಾಯಿತು. ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಕೆಟ್ಟಿತು ಎಂದುಕೊಂಡು ಪ್ಲಗ್ಗಿನ ಕಡೆ ಬಗ್ಗಿದರೆ ಪರದೆಯ ಬೆಳಕು ನನ್ನ ಕೈಮೇಲೆ ಬಿದ್ದಿತ್ತು. ಅದು ಓಡುತ್ತಿತ್ತು! ಅಂಗೈ ಇಟ್ಟರೆ ಮೇಲಿನ ಜಾಳಿಗೆಯಿಂದ ಬೆಚ್ಚನೆಯ ಗಾಳಿ ಬರುತ್ತಿದೆ, ಸದ್ದಿಲ್ಲ. ಆಗ ಕೋಣೆ ಕೇಳಿಸತೊಡಗಿತು ನೋಡು. ಗಡಿಯಾರ ಸುತ್ತಿಗೆ ಹೊಡೆದಂತೆ ಹೊಡೆಯುತ್ತಿತ್ತು, ಎತ್ತಿ ಹೊರಗಿಟ್ಟೆ. ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು, ಆರಿಸಿದೆ. ಪಕ್ಕದ ಮನೆಯ ನಲ್ಲಿಯ ನೀರು ಗೋಡೆಯೊಳಗೆ ಇಳಿಯುವುದು ಕೇಳಿತು, ನನ್ನ ತೋಳು ರವಿಕೆಗೆ ಉಜ್ಜುವುದು ಕೇಳಿತು. ಅದೆಲ್ಲ ನಿಂತ ಮೇಲೆ, ಮಂಚದ ಮೇಲೆ ಮಲಗಿದ್ದ ಅಮ್ಮನ ಉಸಿರು. ಒಳಗೆ ಹೋಗುವಾಗ ಅದರ ತುದಿಯಲ್ಲೊಂದು ಎಳೆಯಷ್ಟು ಸೀಟಿ ಇದೆ. ಈ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಮ್ಮನ ಉಸಿರು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಕಾಲು ಮುಟ್ಟಿ ನೋಡಿದೆ, ಯಾಕೆ ಎಂದು ಕೇಳಬೇಡ.

ಇಷ್ಟೆಲ್ಲ ಆಗಿ, ಮಾರನೆಯ ದಿನ ಅಮ್ಮನನ್ನು ಮೈಕಿನ ಮುಂದೆ ಕೂರಿಸಿದೆ. ಬಾಯಿ ತೆರೆದಳು. ಮುಚ್ಚಿದಳು. ಆಚೆ ಈಚೆ ನೋಡಿದಳು. "ಹಾಡಮ್ಮ" ಎಂದೆ.

"ಇಷ್ಟು ನಿಶ್ಶಬ್ದ ಮಾಡಿಟ್ರೆ ಹೇಗೆ ಹಾಡೋದೇ? ಎಲ್ಲಾ ಕೇಳಿಸಿಬಿಡುತ್ತಲ್ಲ!"

"ಕೇಳಿಸ್ಲಿ ಅಂತಾನೇ ಅಲ್ವಾ ಮಾಡಿದ್ದು?"

"ನನ್ನ ಕೈಲಿ ಆಗಲ್ಲ. ಬೆತ್ತಲೆ ನಿಲ್ಲಿಸಿದ ಹಾಗಾಗುತ್ತೆ."

ಆಗ ಹೊಳೆಯಿತು. ಅಮ್ಮ ಎಂದಾದರೂ ಹೊಲಿಗೆ ಯಂತ್ರ ತುಳಿಯದೆ ಹಾಡಿದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿಲ್ಲ. ಯಂತ್ರದ ಚಕ್ರ ನಿಂತರೆ ಹಾಡೂ ನಿಲ್ಲುತ್ತಿತ್ತು. ಆ ಕಟಕಟದ ಮರೆಯಲ್ಲೇ ಅವಳು ಇಡೀ ಆಯುಷ್ಯ ಹಾಡಿದ್ದು. ಈಗ ಯಂತ್ರ ತುಳಿದುಕೊಂಡೇ ಹಾಡು ಅಂದರೆ ಮೈಕಿಗೆ ಅದೇ ತುಂಬಿಹೋಗುತ್ತದೆ, ದನಿ ಮೊದಲೇ ದಾರದೆಳೆಯಷ್ಟಾಗಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸದ್ದಿದ್ದರೆ ಹಾಡು ಸಿಗುವುದಿಲ್ಲ, ಸದ್ದಿಲ್ಲದಿದ್ದರೆ ಹಾಡುವುದಿಲ್ಲ.

ದಿನವೂ ಕೂರಿಸುತ್ತಿದ್ದೇನೆ, ದಿನವೂ ಎದ್ದುಹೋಗುತ್ತಾಳೆ. ನಿನ್ನೆ ನಾನು ರೇಗಿದೆ. ಅವಳು ಆಸ್ಪತ್ರೆಗೆ ಒಯ್ಯುವ ಸೀರೆಗಳನ್ನು ಮಡಚುತ್ತ ಕೂತಳು.

ಅಕ್ಕ

ಆಗಸ್ಟ್ ೬

ಅಕ್ಕಾ,

ನಿನ್ನ ಕಾಗದ ಸಿಕ್ಕ ಬಂದರಿನಿಂದಲೇ ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಹೊತ್ತಿಗೆ ತಲುಪಲಿ ಎಂದು ಏಜೆಂಟರ ಕೈಕಾಲು ಹಿಡಿದಿದ್ದೇನೆ.

ನಿನಗೊಂದು ವಿಷಯ ಹೇಳಿಲ್ಲ. ನಾನೂ ಹಾಡುತ್ತೇನೆ. ನಗಬೇಡ. ಎಂಜಿನ್ ಕೋಣೆಯಲ್ಲಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಗಂಟಲು ಹರಿಯುವಂತೆ ಹಾಡುತ್ತೇನೆ. ಪಕ್ಕದಲ್ಲಿ ನಿಂತವನಿಗೂ ಕೇಳುವುದಿಲ್ಲ. ಮೇಲೆ ಡೆಕ್ಕಿಗೆ ಬಂದು ಒಂದು ಸಾಲು ಹಾಡೋ ಎಂದರೆ ನಾಲಿಗೆ ಏಳುವುದಿಲ್ಲ. ಇದು ನನಗೊಬ್ಬನಿಗೇ ಇರುವ ಹುಚ್ಚು ಎಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು, ನಾನು ಅಮ್ಮನ ಮಗ.

ಈಗ ಕೇಳು. ಅಮ್ಮನಿಗೆ ಬೇಕಾದ ಗದ್ದಲ ಕೋಣೆಯಲ್ಲಿ ಇರಬೇಕಿಲ್ಲ, ಅವಳ ಕಿವಿಯಲ್ಲಿದ್ದರೆ ಸಾಕು. ಹೊಲಿಗೆ ಯಂತ್ರದ ಸದ್ದನ್ನು ಮೊದಲು ರೆಕಾರ್ಡ್ ಮಾಡಿಕೋ. ಆಮೇಲೆ ಕಿವಿಯನ್ನು ಪೂರ್ತಿ ಮುಚ್ಚುವ ನಿನ್ನ ದಪ್ಪ ಹೆಡ್‌ಫೋನನ್ನು ಅಮ್ಮನ ತಲೆಗೆ ಹಾಕಿ ಅದನ್ನು ಕೇಳಿಸು. ಅವಳಿಗೆ ಅಂಗಡಿಯಲ್ಲಿ ಕೂತಂತೆಯೇ ಆಗಬೇಕು, ಮೈಕಿಗೆ ಮಾತ್ರ ಅವಳೊಬ್ಬಳೇ ಕೇಳಬೇಕು. ಇನ್ನೊಂದು, ಕಿವಿ ತುಂಬ ಗದ್ದಲ ಇದ್ದಾಗ ಮನುಷ್ಯ ತನಗೇ ತಿಳಿಯದೆ ದನಿ ಎತ್ತುತ್ತಾನೆ. ಇಲ್ಲಿ ನಾವು ದಿನಾ ನೋಡುತ್ತೇವೆ. ದಾರದೆಳೆ ಸ್ವಲ್ಪ ದಪ್ಪವಾದರೂ ಆದೀತು.

ಅವಳ ಮೇಲೆ ರೇಗಬೇಡ ಅಕ್ಕಾ.

ತಮ್ಮ

ಆಗಸ್ಟ್ ೨೫

ಪುಟ್ಟಾ,

ನಿನ್ನ ಕಾಗದ ಬಂತು. ಹೊತ್ತಿಗೆ ಸರಿಯಾಗಿಯೇ ಬಂತು. ಏನಾಯಿತು ಎಂದು ಬರೆಯಲು ಕೂತಿದ್ದೇನೆ.

ಮೊದಲು ನಾನೇ ಯಂತ್ರ ತುಳಿದು ರೆಕಾರ್ಡ್ ಮಾಡಿದೆ. ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, ಮುಖ ಕಿವುಚಿ ತೆಗೆದಿಟ್ಟಳು.

"ಇದ್ಯಾರು ತುಳೀತಿರೋದು, ನೀನಾ?"

"ಹೌದು. ಯಾರಾದ್ರೇನಮ್ಮ, ಯಂತ್ರ ನಿನ್ನದೇ ತಾನೆ?"

"ಯಂತ್ರ ನಂದು, ಕಾಲು ನಿಂದು. ಮೂಲೆ ಬಂದಾಗಲೆಲ್ಲ ಹೆದರಿಕೊಂಡು ನಿಲ್ಲಿಸ್ತೀಯ. ಇದನ್ನ ಕೇಳ್ತಾ ಹಾಡಿದ್ರೆ ನನಗೆ ಬಿಕ್ಕಳಿಕೆ ಬರುತ್ತೆ ಅಷ್ಟೆ."

ಎದ್ದಳು ಪುಟ್ಟಾ. ಗೋಡೆ ಹಿಡಿದು ಓಡಾಡುತ್ತಿದ್ದವಳು ಎದ್ದು ಅಂಗಡಿಗೆ ನಡೆದು, ಕಟ್ಟಿಟ್ಟಿದ್ದ ಪರದೆಯ ಬಟ್ಟೆ ಎಳೆದುಕೊಂಡು ಯಂತ್ರದ ಮುಂದೆ ಕೂತಳು. ಹಾಡಬೇಡ, ಬರೀ ಹೊಲಿ ಎಂದೆ. ತುಟಿ ಬಿಗಿಹಿಡಿದು ಹೊಲಿದಳು. ಅಮ್ಮ ಬಾಯಿ ಮುಚ್ಚಿಕೊಂಡು ಹೊಲಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಪರದೆಯ ಉದ್ದ ಅಂಚು, ಮೂಲೆ, ಅಡ್ಡ ಅಂಚು, ಮತ್ತೆ ಮೂಲೆ. ಬೆವರಿ ತೊಪ್ಪೆಯಾದಳು. ಪೂರ್ತಿ ಒಂದು ಪರದೆ ಮುಗಿಸಿ, ದಾರ ಕತ್ತರಿಸಿ, "ಈಗ ತಗೋ" ಎಂದಳು.

ಮಾರನೆಯ ಬೆಳಗ್ಗೆ ಹಿಂದಿನ ಕೋಣೆಯಲ್ಲಿ ಕೂರಿಸಿದೆ. ಗಡಿಯಾರವಿಲ್ಲ, ದೀಪವಿಲ್ಲ, ಕಿಟಕಿಯ ಬೆಳಕು ಮಾತ್ರ. ಕಂಪ್ಯೂಟರ್ ಓಡುತ್ತಿತ್ತು, ಓಡುತ್ತಿರುವುದು ನನಗೂ ಅದರ ಪರದೆಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆಡ್‌ಫೋನು ಹಾಕಿ, ಅವಳು ಹೊಲಿದದ್ದನ್ನು ಅವಳ ಕಿವಿಗೆ ಬಿಟ್ಟೆ. ಕೋಣೆಗೆ ಒಂದಿಷ್ಟೂ ಕೇಳಲಿಲ್ಲ. ಅಮ್ಮನ ಬೆನ್ನು ನೆಟ್ಟಗಾಯಿತು. ಬಲಗೈ ಇಲ್ಲದ ಬಟ್ಟೆಯನ್ನು ನೇವರಿಸಿ ಮುಂದಕ್ಕೆ ತಳ್ಳಿತು, ಚಾಪೆಯ ಮೇಲೆ ಪಾದ ಏಳತೊಡಗಿತು, ಇಳಿಯತೊಡಗಿತು. ಆಮೇಲೆ ಹಾಡಿದಳು.

ಹೇಗೆ ಹೇಳಲಿ? ದನಿ ಒಡೆದಿತ್ತು, ಸುಟ್ಟಿತ್ತು, ಎರಡು ಎಳೆಯಾಗಿ ಸೀಳಿತ್ತು. ಆದರೆ ಅದರ ಮೈಮೇಲೆ ಏನೂ ಇರಲಿಲ್ಲ. ನಾವು ಚಿಕ್ಕಂದಿನಿಂದ ಕೇಳಿದ್ದು ಗೋಣಿಚೀಲದೊಳಗಿನ ದನಿಯನ್ನು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಅವಳು ಜಿಗಿಯುವುದಿಲ್ಲ, ಜಾರುತ್ತಾಳೆ, ಜಾರುವ ದಾರಿಯಲ್ಲಿ ಇನ್ನಷ್ಟು ಸಣ್ಣ ಸ್ವರಗಳಿವೆ. ಇಷ್ಟು ವರ್ಷ ಅವು ಅಲ್ಲಿದ್ದವು, ಯಾರೂ ಕೇಳಿರಲಿಲ್ಲ, ಅವಳೂ ಸೇರಿದಂತೆ! ಮತ್ತೆ ಆ ಹಾಡುಗಳ ಆಕಾರ. ಉದ್ದ ಅಂಚಿಗೆ ಉದ್ದ ಸಾಲು. ಮೂಲೆ ಬಂದಲ್ಲಿ ನಿಲ್ಲುತ್ತಾಳೆ, ಬಟ್ಟೆ ತಿರುಗಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳುತ್ತಾಳೆ, ರಾಗವೂ ಅಲ್ಲಿ ದಿಕ್ಕು ಬದಲಿಸುತ್ತದೆ. ಸಂಗೀತ ಕಟ್ಟುವುದು ನನ್ನ ಕಸುಬು ಎಂದುಕೊಂಡಿದ್ದೆ. ಅಮ್ಮ ಸಮವಸ್ತ್ರಕ್ಕೊಂದು, ಪರದೆಗೊಂದು ರಾಗ ಕತ್ತರಿಸಿ ಹೊಲಿದು ಹಾಕಿದ್ದಾಳೆ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅಳು ಬಂತು, ಮೈಕಿಗೆ ಕೇಳಿಸೀತು ಎಂದು ಸೆರಗು ಬಾಯಿಗೆ ತುರುಕಿಕೊಂಡೆ.

ನೀನು ಹೇಳಿದ್ದು ನಿಜ, ದನಿ ಏರುತ್ತಲೇ ಹೋಯಿತು. ಪರದೆಯ ಕೊನೆಯ ಅಂಚಿಗೆ ಬರುವಾಗ ಆ ಸೀಳುದನಿ ಕೋಣೆ ತುಂಬಿ ಹಲಗೆಯ ಗೋಡೆ ಮಿಡಿಯುತ್ತಿತ್ತು. ಹೊಲಿಗೆ ಮುಗಿಯಿತು, ಅಮ್ಮ ನಿಲ್ಲಿಸಿದಳು. ಹೆಡ್‌ಫೋನ್ ತೆಗೆದು, "ಬಂತಾ?" ಎಂದು ಪಿಸುಗುಟ್ಟಿದಳು. ಹೌದೆಂದು ತಲೆಯಾಡಿಸಿದೆ. ಕೇಳಿಸಲೇ ಎಂದು ಸನ್ನೆ ಮಾಡಿದರೆ ಬೇಡ ಎಂದಳು. "ಇವತ್ತು ಬೇಡ. ಆಮೇಲೆ ಕೇಳ್ತೀನಿ, ಕೇಳೋಕ್ಕೇನೂ ತೊಂದರೆ ಇಲ್ವಲ್ಲ."

ನಾಳೆ ಆಸ್ಪತ್ರೆಗೆ ಸೇರಿಸುತ್ತೇವೆ. ಹಾಡನ್ನು ಈ ಕಾಗದದ ಜೊತೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ.

ಅಕ್ಕ

ಸೆಪ್ಟೆಂಬರ್ ೨೯

ಅಕ್ಕಾ,

ಆಪರೇಷನ್ ಚೆನ್ನಾಗಿ ಆಯಿತು ಎಂದು ನೀನು ಏಜೆಂಟರ ಮೂಲಕ ಹೇಳಿಕಳಿಸಿದ ದಿನದಿಂದ ಸರಿಯಾಗಿ ಉಂಡು ಮಲಗುತ್ತಿದ್ದೇನೆ. ಪೆನ್‌ಡ್ರೈವ್ ಈಗ ಸಿಕ್ಕಿತು. ಆದರೆ ಕೇಳುವುದೆಲ್ಲಿ? ಬಂದರಿನಲ್ಲಿ ಲಂಗರು ಹಾಕಿ ದೊಡ್ಡ ಎಂಜಿನ್ ನಿಲ್ಲಿಸಿದರೂ ಜನರೇಟರು ನಿಲ್ಲುವುದಿಲ್ಲ. ಹಡಗಿನಲ್ಲಿ ನಡುಗದ ಜಾಗವೇ ಇಲ್ಲ. ರಜೆ ಕೇಳಿ, ದಡಕ್ಕೆ ಒಯ್ಯುವ ಸಣ್ಣ ದೋಣಿ ಹತ್ತಿದೆ. ನಡುನೀರಿನಲ್ಲಿ ದೋಣಿಯವರಿಗೆ ಎಂಜಿನ್ ನಿಲ್ಲಿಸಿ ಎಂದು ಸನ್ನೆ ಮಾಡಿದೆ. ಅವರು ಗಾಬರಿಯಾಗಿ, ಹೊಟ್ಟೆ ತೊಳಸುತ್ತಿದೆಯೇ ಎಂದು ಕೈಯಲ್ಲೇ ಕೇಳಿದರು. ಅಲ್ಲ ಎಂದು ತಲೆಯಾಡಿಸಿ ಕಿವಿ ತೋರಿಸಿದೆ. ನಿಲ್ಲಿಸಿದರು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೇಳಿದೆ.

ಬಹಳ ದಿನಗಳ ಮೇಲೆ ಎಂಜಿನ್ ಇಲ್ಲದ ನೀರಿನ ಮೇಲೆ ಕೂತಿದ್ದೆ. ಅಮ್ಮನ ದನಿ ಚಿಕ್ಕದು ಎಂದೇ ನಾನು ತಿಳಿದಿದ್ದೆ ಅಕ್ಕಾ. ಅದು ಚಿಕ್ಕದಾಗಿರಲಿಲ್ಲ. ನನಗೇನಾಯಿತು ಎಂದು ಬರೆಯಲು ಬರುವುದಿಲ್ಲ, ನನ್ನದು ಸ್ಪ್ಯಾನರ್ ಹಿಡಿಯುವ ಕೈ. ಮುಗಿದ ಮೇಲೂ ದೋಣಿಯವರು ಎಂಜಿನ್ ಹಚ್ಚಲಿಲ್ಲ. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ನಮ್ಮ ಅಮ್ಮ ಯಾರೋ ಗೊತ್ತಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಆಮೇಲೆ ಬೆರಳೆತ್ತಿ ಇನ್ನೊಂದು ಸಲ ಎಂದು ಕೇಳಿದರು.

ಅಮ್ಮ ಕೇಳಿದಳೇ? ಏನಂದಳು? ಅಂದಳು ಎಂದು ಬರೆದುಬಿಟ್ಟೆ. ಹೊಡೆದುಹಾಕುವುದಿಲ್ಲ, ಇರಲಿ.

ತಮ್ಮ

ಅಕ್ಟೋಬರ್ ೨೦

ಚಿರಂಜೀವಿ ಮಗನಿಗೆ,

ಈ ಸಲ ನಾನೇ ಬರೆಯುತ್ತ ಇದ್ದೇನೆ. ಕಾಯಿಲೆಗೆ ಮೊದಲು ನಿನ್ನ ಅಕ್ಕ ಬರೆದ ಕಾಗದದ ಕೆಳಗೆ "ಅಮ್ಮ ಕೇಳಿದಳೆಂದು ತಿಳಿ" ಎಂದು ಬರೆಸಿ ಮುಗಿಸುತ್ತಿದ್ದೆ. ಈಗ ಹೇಳಿ ಬರೆಸಲು ಆಗುವುದಿಲ್ಲ, ಅದಕ್ಕೆ ಕೈಗೆ ಕೆಲಸ ಬಂತು. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ಡಾಕ್ಟರು ನನ್ನ ಕತ್ತಿಗೆ ಒಂದು ಕಾಜಾ ಹಾಕಿದ್ದಾರೆ. ಸುತ್ತಲಿನ ಹೊಲಿಗೆ ಕನ್ನಡಿಯಲ್ಲಿ ನೋಡಿದೆ. ಪರವಾಗಿಲ್ಲ. ನಾನಾಗಿದ್ದರೆ ಇನ್ನೂ ಸಣ್ಣ ಟಾಕು ಹಾಕುತ್ತಿದ್ದೆ. ಗಿರಾಕಿಗಳ ಹತ್ತಿರ ಜಗಳ ನಿಂತಿಲ್ಲ, ಸ್ಲೇಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತೇನೆ. ಮೊದಲಿಗಿಂತ ಬೇಗ ಸೋಲುತ್ತಾರೆ.

ಹಾಡು ಕೇಳಿದೆ. ಮೊದಮೊದಲು ಧೈರ್ಯ ಬರಲಿಲ್ಲ. ಹೋದ ವಾರ ಅಕ್ಕ ಬಟ್ಟೆ ಕೊಡಲು ಹೋದಾಗ ನಾನೊಬ್ಬಳೇ ಹಚ್ಚಿದೆ. ಯಾರಪ್ಪಾ ಈ ಹೆಂಗಸು ಎಂದುಕೊಂಡೆ. ಎಷ್ಟು ಚೆನ್ನಾಗಿ ಹಾಡುತ್ತಾಳೆ ಎಂದುಕೊಂಡೆ. ಮಗಾ, ನಾನು ಇಷ್ಟು ಚೆನ್ನಾಗಿ ಹಾಡುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೀಗೆ ಬಚ್ಚಿಟ್ಟುಕೊಂಡು ಹಾಡುತ್ತಿರಲಿಲ್ಲ. ಅವತ್ತು ಬಹಳ ಅತ್ತೆ. ಅತ್ತರೂ ಈಗ ಸದ್ದು ಬರುವುದಿಲ್ಲ, ಅದಕ್ಕೆ ಅಕ್ಕನಿಗೆ ಗೊತ್ತಾಗಿಲ್ಲ, ನೀನು ಹೇಳಬೇಡ.

ನೀನು ಆಪರೇಷನ್ ಆದ ಮೇಲೆ ಒಂದು ಸಲವೂ ಫೋನ್ ಮಾಡಿಲ್ಲ. ಯಾಕೆ ಎಂದು ನನಗೆ ಗೊತ್ತು. ಎತ್ತಿದರೆ ಆ ಕಡೆಯಿಂದ ಏನೂ ಬರುವುದಿಲ್ಲ ಎಂಬ ಭಯ. ಮುಂದಿನ ಬಂದರು ಸಿಕ್ಕ ಕೂಡಲೇ ಮಾಡು. ಕೈಫೋನಿಗೆ ಬೇಡ, ಅದು ಸಣ್ಣ ಸದ್ದನ್ನೆಲ್ಲ ನುಂಗಿಬಿಡುತ್ತದಂತೆ. ಕಂಪ್ಯೂಟರಿಗೇ ಮಾಡು, ಅಕ್ಕ ಏನನ್ನೋ ಆರಿಸಿ ಎಲ್ಲ ಕೇಳುವ ಹಾಗೆ ಮಾಡಿದ್ದಾಳೆ. ಮೈಕಿನ ಮುಂದೆ ನಾನೇ ಕೂತಿರುತ್ತೇನೆ. ನೀನು ಮಾತಾಡಲು ಅವಸರ ಮಾಡಬೇಡ, ಮೊದಲು ಸ್ವಲ್ಪ ಹೊತ್ತು ಕೇಳಿಸಿಕೋ. ಗಾಳಿ ಬಂದು ಹೋಗುವುದು ಕೇಳುತ್ತದೆ. ಅದು ನಾನೇ.

ಆಶೀರ್ವಾದಗಳೊಂದಿಗೆ,
ಅಮ್ಮ